ಜೀಪಿನ ಕೆಳಗಿನ ಮುದ್ದೆ ತಟ್ಟೆ

ನಮ್ಮ ಮನೆಗೆ ಬಂದವರು ಅಂಗಳದಲ್ಲಿರುವ ಅಲ್ಯೂಮಿನಿಯಂ ತಟ್ಟೆ ನೋಡಿ, "ನಾಯಿಗಾ ಅಜ್ಜಿ?" ಎಂದು ಕೇಳುತ್ತಾರೆ. ನಮ್ಮ ಮನೆಯಲ್ಲಿ ನಾಯಿ ಇಲ್ಲ. ತಟ್ಟೆ ಜೀಪಿನದು. ಹಾಗೆಂದರೆ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಸೊಸೆ ಸವಿತಳ ಮುಖ ನೋಡುತ್ತಾರೆ. ಅವಳು ನಗುತ್ತಾ ಒಳಗೆ ಹೋಗಿಬಿಡುತ್ತಾಳೆ. ವಿವರಿಸುವ ಕೆಲಸ ನನ್ನ ತಲೆಗೆ ಬೀಳುತ್ತದೆ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಒಂದು ಸಲ ಬರೆದಿಟ್ಟುಬಿಟ್ಟರೆ ಕೇಳಿದವರ ಕೈಗೆ ಕೊಡಬಹುದಲ್ಲ ಎಂದು ಕೂತಿದ್ದೇನೆ.

ಬರೆಯುವುದು ನನಗೆ ಗದ್ದೆ ನಾಟಿಗಿಂತ ಕಷ್ಟ. ಶಾಲೆಯ ಒಳಗೆ ನಾನು ಕಾಲಿಟ್ಟದ್ದು ವೋಟು ಹಾಕುವುದಕ್ಕೆ ಮಾತ್ರ. ಅಕ್ಷರ ಕಲಿತದ್ದು ಬಸ್ಸಿನ ಬೋರ್ಡಿನಿಂದ. ನನ್ನ ತವರು ನಾಗಮಂಗಲದ ಕಡೆ. ಮದುವೆಯಾಗಿ ಕಿರಂಗೂರಿಗೆ ಬಂದ ಹೊಸದರಲ್ಲಿ, ತವರಿಗೆ ಹೋಗಲು ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನೋ ಕೇಳಿ ಹತ್ತಿದ ಬಸ್ಸು ನನ್ನನ್ನು ಕೆ.ಆರ್. ಪೇಟೆಗೆ ಒಯ್ದು ಇಳಿಸಿತು. ಅವತ್ತಿನಿಂದ ಬೇರೆಯವರನ್ನು ಕೇಳುವುದು ಬಿಟ್ಟೆ. 'ನಾಗಮಂಗಲ' ಎಂಬ ಬೋರ್ಡು ಹೇಗೆ ಕಾಣುತ್ತದೆ ಎಂದು ಗುರುತಿಟ್ಟುಕೊಂಡೆ. ಆಮೇಲೆ 'ಪಾಂಡವಪುರ'. ಹೀಗೆ ಒಂದೊಂದು ಊರಿನಿಂದ ಒಂದೊಂದು ಅಕ್ಷರ ಕಿತ್ತುಕೊಂಡೆ. ನಮ್ಮ ಕಡೆಯ ಯಾವ ಊರಿನ ಹೆಸರಿನಲ್ಲೂ ಇಲ್ಲದ ಅಕ್ಷರ ನನಗೆ ಇವತ್ತಿಗೂ ಬರುವುದಿಲ್ಲ. ತಪ್ಪಿದ್ದಲ್ಲಿ ಸವಿತ ತಿದ್ದುತ್ತಾಳೆ. ತಿದ್ದುವ ನೆಪದಲ್ಲಿ ತನ್ನನ್ನು ಬೈದ ಸಾಲು ಹೊಡೆದುಹಾಕಿದರೂ ನನಗೆ ಗೊತ್ತಾಗುವುದಿಲ್ಲ.

ಇರಲಿ, ಮಾತು ಜೀಪಿನದು.

ನಮ್ಮದು ಹಳೇ ಜೀಪು. ನಾಲೆ ಕೆಲಸದ ಕಂಟ್ರಾಕ್ಟರೊಬ್ಬರ ಹತ್ತಿರ ದುಡಿದು ಸುಸ್ತಾದ ಮೇಲೆ ನಮ್ಮ ಮನೆಗೆ ಬಂದದ್ದು. ದೊಡ್ಡ ಗೇರಿನ ಪಕ್ಕ ಒಂದು ಗಿಡ್ಡ ಗೇರು ಇದೆ. ಅದನ್ನು ಎಳೆದರೆ ಹಿಂದಿನ ಚಕ್ರಗಳ ಜೊತೆ ಮುಂದಿನ ಚಕ್ರಗಳೂ ಎಳೆಯುತ್ತವೆ. ಬೇರೆ ಗಾಡಿಗಳು ಕೆಸರಿನಲ್ಲಿ ಕೂತು ಅಳುವ ಜಾಗದಲ್ಲಿ ಇದು ಗೊಣಗುತ್ತಾ ಹೊರಗೆ ಬರುತ್ತದೆ. ಒಳಗೆ ಕೂತವರ ಸೊಂಟಕ್ಕೆ ಮಾತ್ರ ಅದು ಜವಾಬ್ದಾರಿಯಲ್ಲ.

ಸವಿತ ಹಿತ್ತಲಿನಲ್ಲಿ ಹಸಿರು ಪರದೆ ಕಟ್ಟಿ ಟೊಮೇಟೊ, ಮೆಣಸಿನಕಾಯಿ, ಬದನೆ, ಕೋಸಿನ ಸಸಿ ಬೆಳೆಸುತ್ತಾಳೆ. ಟ್ರೇಗಳನ್ನು ಜೀಪಿಗೆ ಜೋಡಿಸಿಕೊಂಡು ತಾನೇ ಓಡಿಸಿಕೊಂಡು ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸುತ್ತುತ್ತಾಳೆ. ಹೊಲದ ಬದುವಿನ ತನಕ ಒಯ್ದು ಇಳಿಸುತ್ತಾಳೆ. ಆ ಕಲ್ಲುದಾರಿಗೆ ಗೂಡ್ಸ್ ಆಟೋದವರು ಬರುವುದಿಲ್ಲ, ಬಂದರೂ ಅರ್ಧ ದಾರಿಯಲ್ಲಿ ಇಳಿಸಿ ಹೋಗುತ್ತಾರೆ. ಜೀಪು ಬರುವ ಮುಂಚೆ ಅವಳು ಸಸಿ ಇಟ್ಟುಕೊಂಡು ಮನೆಬಾಗಿಲಲ್ಲಿ ದಲ್ಲಾಳಿಗೆ ಕಾಯುತ್ತಿದ್ದಳು. ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಬಲಿತುಹೋದ ಸಸಿಯನ್ನು ಟ್ರೇ ಸಮೇತ ತಿಪ್ಪೆಗೆ ಬೋರಲು ಹಾಕುವಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ. ಜೀಪು ಬಂದ ಮೇಲೆ ತಿಪ್ಪೆಗೆ ಸಸಿ ಬಿದ್ದಿಲ್ಲ.

ಹೋದ ಬೇಸಿಗೆ ಕಳೆದು ಒಂದು ಬೆಳಿಗ್ಗೆ, ಅಂಗಳಕ್ಕೆ ನೀರು ಹಾಕಿ ರಂಗೋಲಿಗೆ ಚುಕ್ಕಿ ಇಡುತ್ತಿದ್ದೆ. ನನ್ನ ಬಿಳಿ ಚುಕ್ಕಿಗಳ ಆಚೆ ಜೀಪು ತನ್ನದೊಂದು ಕರಿ ಚುಕ್ಕಿ ಇಟ್ಟಿತ್ತು. ಮಾರನೇ ದಿನ ಅದು ರೂಪಾಯಿಯಗಲ. ಆಮೇಲೆ ಅಂಗೈಯಗಲ.

ನನ್ನ ಮಗ ರಾಮು ನೋಡಿದ. ಅವನು ಲೈನ್‌ಮ್ಯಾನ್. ಇಡೀ ದಿನ ಕಂಬ ಹತ್ತಿ ಇಳಿಯುವವನಿಗೆ ಮನೆಯಲ್ಲಿ ಬಗ್ಗಿ ನೋಡುವುದೆಂದರೆ ಬೇಜಾರು.

"ಎಣ್ಣೆ ಸೋರೋ ಗಾಡಿಗೆ ಎಫ್‌ಸಿ ಆಗಲ್ಲ ಕಣವ್ವ. ಗೌರಿ ಹಬ್ಬ ಕಳೀತಿದ್ದಂಗೆ ಎಫ್‌ಸಿಗೆ ಓಗ್ಬೇಕು. ಅಷ್ಟರೊಳ್ಗೆ ನಿಂತ್ರೆ ಸರಿ. ಇಲ್ದಿದ್ರೆ ಗುಜರಿಗೆ ಆಕ್ಬುಡನ."

"ನಿಮ್ದೇನು, ಸುಲಭ್ವಾಗಿ ಅಂದ್ಬುಟ್ರಿ," ಎಂದಳು ಸವಿತ.

"ಎಣ್ಣೆ ಪೂರ್ತಿ ಓಗಿ ನಡು ರೋಡ್ನಲ್ಲಿ ಗಾಡಿ ಕಚ್ಕಂಡ್ರೆ? ಹಿಂದ್ಗಡೆ ಲಾರಿ ಬರ್ತಿರ್ತದೆ. ನೀನೇ ಅಲ್ವಾ ಅದ್ರೊಳ್ಗೆ ಇರೋಳು?"

ಅವನ ಭಯವೂ ಸುಳ್ಳಲ್ಲ. ಎಫ್‌ಸಿ ಎಂದರೆ ಹಳೇ ಗಾಡಿ ಇನ್ನೂ ರಸ್ತೆಗೆ ಲಾಯಕ್ಕು ಎಂದು ಸರ್ಕಾರ ಕೊಡುವ ಚೀಟಿ. ನನ್ನಂಥವರಿಗೆ ಅಂಥ ಚೀಟಿ ಬೇಡವೆಂದು ಬಿಟ್ಟಿರುವುದು ಸರ್ಕಾರದ ದೊಡ್ಡ ಮನಸ್ಸು.

ನಮ್ಮ ಮೆಕ್ಯಾನಿಕ್ ಮುನೀರ್. ಶ್ರೀರಂಗಪಟ್ಟಣದಲ್ಲಿ ಅವನ ಶೆಡ್ಡು. ಅವನ ತಂದೆ ನಮ್ಮೂರಿನ ಪಂಪ್‌ಸೆಟ್ಟುಗಳನ್ನೆಲ್ಲ ರಿಪೇರಿ ಮಾಡಿದವರು. ಫೋನು ಮಾಡಿದರೆ ಅವನು, "ಅಮ್ಮಾ, ನೆಲದ ಮೇಲಿನ ಕಲೆ ಕೇಳಿ ನಾನೇನು ಹೇಳ್ಲಿ? ಅಡೀಲಿ ಏನಾದ್ರೂ ಇಟ್ಟು ಹಿಡೀರಿ. ಬಣ್ಣ ನೋಡ್ಬೇಕು, ವಾಸನೆ ನೋಡ್ಬೇಕು," ಎಂದ.

ಆಗ ನನ್ನ ಕೈಗೆ ಸಿಕ್ಕಿದ್ದು ಈ ಮುದ್ದೆ ತಟ್ಟೆ. ಸ್ಟೀಲಿನವು ಬರುವ ತನಕ ನಾನು ಉಂಡದ್ದು ಇದರಲ್ಲೇ. ಅಂಚು ಎರಡು ಕಡೆ ಬಾಗಿದೆ. ರಾಮು ಚಿಕ್ಕವನಿದ್ದಾಗ ಊಟ ಮುಗಿದ ಕೂಡಲೇ ಇದನ್ನು ಎತ್ತಿಕೊಂಡು, ಎರಡೂ ಕೈಯಲ್ಲಿ ಸ್ಟೇರಿಂಗಿನ ಹಾಗೆ ತಿರುಗಿಸುತ್ತಾ, ಬುರ್ರೆಂದು ಕೊಟ್ಟಿಗೆ ಸುತ್ತ ಬಸ್ಸು ಓಡಿಸುತ್ತಿದ್ದ. ತಿರುವಿನಲ್ಲಿ ಗೋಡೆಗೆ ಗುದ್ದಿ ಗುದ್ದಿ ತಟ್ಟೆ ಸೊಟ್ಟಗಾಯಿತು. ಮುದ್ದೆಗೆ ಸೊಟ್ಟ ತಟ್ಟೆಯಾದರೇನು, ಅದರಲ್ಲೇ ಉಂಡೆ.

ತಟ್ಟೆಯನ್ನು ಜೀಪಿನ ಕೆಳಗೆ ತಳ್ಳಿದೆ. ಬೆಳಿಗ್ಗೆ ನೋಡಿದರೆ ಜೇನುತುಪ್ಪದ ಬಣ್ಣದ್ದು, ಜೇನಿನಷ್ಟೇ ಮಂದವಾಗಿ ನಿಂತಿದೆ. ವಾಸನೆ ಮಾತ್ರ ಕೆಟ್ಟ ಮೊಟ್ಟೆಯದು. ಮೇಲೊಂದು ತಟ್ಟೆ ಮುಚ್ಚಿ, ಬಟ್ಟೆ ಕಟ್ಟಿ, ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, "ಯಾವ ದೇವಸ್ಥಾನದ ಪ್ರಸಾದ?" ಎಂದು ಕೈ ಚಾಚಿದಳು. ಬಟ್ಟೆ ಸ್ವಲ್ಪ ಬಿಚ್ಚಿ ತೋರಿಸಿದೆ. ಎದ್ದು ಬೇರೆ ಸೀಟಿಗೆ ಹೋದಳು.

ಮುನೀರ್ ಬೆರಳಲ್ಲಿ ಅದ್ದಿ ಉಜ್ಜಿ ಮೂಸಿದ. "ಇಂಜಿನ್ದಲ್ಲ, ಬ್ರೇಕಿಂದೂ ಅಲ್ಲ. ಹಿಂದಿನ ಹೌಸಿಂಗ್ದು."

ಹಿಂದಿನ ಅಚ್ಚಿನ ನಡುವೆ ಕಬ್ಬಿಣದ ಮಡಕೆಯಂತೆ ಉಬ್ಬಿದ ಜಾಗವೊಂದಿದೆ. ಅದರೊಳಗೆ ಹಲ್ಲುಚಕ್ರಗಳು ಎಣ್ಣೆಯಲ್ಲಿ ಮುಳುಗಿ ತಿರುಗುತ್ತವೆ. ಅದನ್ನೇ ಹೌಸಿಂಗು ಎನ್ನುವುದು. ಇಂಜಿನ್ನಿನ ಕಡೆಯಿಂದ ಬರುವ ಕಬ್ಬಿಣದ ದಂಡ ಅದರೊಳಗೆ ಹೋಗುವ ಬಾಯಲ್ಲಿ, ಎಣ್ಣೆ ಹೊರಗೆ ಬಾರದಂತೆ ಒಂದು ರಬ್ಬರಿನ ಬಳೆ ಇರುತ್ತದೆ, ಅದು ಸೀಲು. ಸೀಲು ಸವೆದಿದೆ ಎಂದು ಮುನೀರ್ ಹೊಸದು ಹಾಕಿದ. ಇಂಥದ್ದೇ ಮಡಕೆ ಮುಂದಿನ ಅಚ್ಚಿಗೂ ಇದೆ, ಅದು ಒಣಗಿಕೊಂಡು ಚೆನ್ನಾಗಿಯೇ ಇತ್ತು.

ಸವಿತ ಮೂರೂ ಊರು ಸುತ್ತಿ ಬಂದಳು. ಕರಿ ಚುಕ್ಕಿಯೂ ವಾಪಸು ಬಂತು.

ಇಲ್ಲಿ ನನ್ನ ಮೈದುನ ಕಾಳೇಗೌಡನ ವಿಷಯ ಹೇಳಬೇಕು. ನನ್ನ ಗಂಡನ ತಮ್ಮ, ಪಕ್ಕದ ಮನೆ. ವಯಸ್ಸಿನಲ್ಲಿ ಎತ್ತಿನ ಗಾಡಿಯಲ್ಲಿ ಕಬ್ಬು ಹೊಡೆದವನು. ಈಗ ಎತ್ತೂ ಇಲ್ಲ, ಗಾಡಿಯೂ ಇಲ್ಲ. ಗಾಡಿಯ ಕೀಲೆಣ್ಣೆ ಮಾತ್ರ ಉಳಿದಿದೆ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಅರೆದು ಬಿದಿರಿನ ಕೊಳವೆಗೆ ತುಂಬಿಟ್ಟುಕೊಳ್ಳುತ್ತಾನೆ. ಅಮಾವಾಸ್ಯೆ ಬಂತೆಂದರೆ ಕೊಳವೆ, ಕಡ್ಡಿ ಹಿಡಿದು ಹೊರಡುತ್ತಾನೆ. ಗೇಟಿನ ಕೀಲು, ಬಾಗಿಲಿನ ತಿರುಗಣೆ, ಸವಿತಳ ಹೊಲಿಗೆ ಮಿಷನ್ನು, ಯಾವುದನ್ನೂ ಬಿಡುವುದಿಲ್ಲ. ನಮ್ಮ ಬೀದಿಯ ಯಾವ ಬಾಗಿಲೂ ಕಿರುಗುಟ್ಟುವುದಿಲ್ಲ, ಯಾರ ಮನೆಯ ಬಿಳಿ ಬಟ್ಟೆಯೂ ಪೂರ್ತಿ ಬಿಳಿ ಇಲ್ಲ. ಜೀಪಿನ ಹಿಂದಿನ ಅಚ್ಚಿಗೂ ತಪ್ಪದೆ ಬಳಿಯುತ್ತಿದ್ದ.

"ಮುಂದಿನ ಅಚ್ಚು ಏನ್ಲಾ ಪಾಪ ಮಾಡಿತ್ತು?" ಎಂದು ಒಮ್ಮೆ ಕೇಳಿದ್ದೆ.

"ಮುಂದ್ಗಡೆದು ಎತ್ತಿರೋ ಜಾಗ ಕಣತ್ತಿಗೆ. ಎತ್ತಿಗೆ ಯಾರಾದ್ರೂ ಕೀಲೆಣ್ಣೆ ಅಚ್ತಾರಾ?"

ಅವನ ಲೆಕ್ಕದಲ್ಲಿ ಇಂಜಿನ್ನೆಂದರೆ ಎತ್ತು. ಅಚ್ಚೇನಿದ್ದರೂ ಹಿಂದೆ.

ಹೊಸ ಸೀಲು ಹಾಕಿಯೂ ಸೋರಿದಾಗ ನನಗೆ ನಮ್ಮಪ್ಪನ ಕಪಿಲೆ ನೆನಪಾಯಿತು. ನಮ್ಮ ತವರಿನ ಕಡೆ ಆಗ ನಾಲೆಯ ನೀರು ಕಂಡವರಿಲ್ಲ. ಬಾವಿಯ ನೀರೇ ಗತಿ. ಎತ್ತು ಇಳಿಜಾರಿನಲ್ಲಿ ಇಳಿದರೆ ಹಗ್ಗ ಎಳೆದು ಚರ್ಮದ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಅದು ಸೋರಿದರೆ ಅರ್ಧ ನೀರು ಮೇಲೆ ಬರುವಷ್ಟರಲ್ಲಿ ಬಾವಿಗೇ ವಾಪಸು. ಬಾವಿ ದಂಡೆಯಲ್ಲಿ ಕೂತು ಆ ನೀರು ಬೀಳುವ ಸದ್ದು ಕೇಳುವುದು ಮಕ್ಕಳಾದ ನಮಗೆ ಖುಷಿ, ಅಪ್ಪನಿಗೆ ಹೊಟ್ಟೆಯುರಿ. ಅವನು ಚೀಲಕ್ಕೆ ನೀರು ತುಂಬಿ ಹುಣಸೆ ಮರಕ್ಕೆ ನೇತುಹಾಕಿ, ಮೈಗೆಲ್ಲ ಒಲೆ ಬೂದಿ ಎರಚಿ, ಬೀಡಿ ಹಚ್ಚಿಕೊಂಡು ಕೂರುತ್ತಿದ್ದ. ಬೂದಿ ಎಲ್ಲಿ ಮೊದಲು ಒದ್ದೆಯಾಗುತ್ತದೋ ಅಲ್ಲಿ ತೂತು. ಚುಚ್ಚಿ ಹೊಲಿಯುತ್ತಿದ್ದ.

ನಾನೂ ಒಂದು ಮೊರ ಬೂದಿ ತೆಗೆದುಕೊಂಡು, ಗೋಣಿಚೀಲ ಹಾಸಿ ಜೀಪಿನ ಕೆಳಗೆ ತೂರಿದೆ. ಹಿಂದಿನ ಮಡಕೆಯನ್ನು ಚೆನ್ನಾಗಿ ಒರೆಸಿ ಬೂದಿ ಎರಚಿದೆ. ಅರ್ಧ ಜೀಪಿಗೆ, ಅರ್ಧ ನನ್ನ ಕಣ್ಣಿಗೆ. ಒಳಗೆ ಹೋಗಿದ್ದು ಸಲೀಸಾಯಿತು, ಹೊರಗೆ ಬರುವಾಗ ಸೀರೆ ಎಲ್ಲಿಗೋ ಸಿಕ್ಕಿಕೊಂಡು ಅಲ್ಲೇ ಉಳಿದೆ. ಕಾಳ ಬಂದು ಬಗ್ಗಿ ನೋಡಿದ.

"ಏನತ್ತಿಗೆ, ಜೀಪ್ಗೆ ಈಬೂತಿ ಬಳ್ದು ಶಿವಪೂಜೆನಾ?"

"ಮೊದ್ಲು ನನ್ನ ಕಾಲಿಡ್ದು ಎಳೀಲಾ, ಆಮೇಲೆ ನಗು."

ಎಳೆದ. ಎಳೆಯುವಾಗಲೂ ನಗುತ್ತಿದ್ದ.

ಸವಿತ ಜೀಪನ್ನು ಒಂದು ಸುತ್ತು ಓಡಿಸಿ ತಂದ ಮೇಲೆ ನೋಡಿದರೆ, ಬೂದಿ ಒದ್ದೆಯಾಗಿದ್ದು ಮುನೀರ್ ಹೊಸ ಸೀಲು ಹಾಕಿದ ಬಾಯಲ್ಲೇ. ಎಲ್ಲಿಂದ ಬರುತ್ತಿದೆ ಎಂದು ಬೂದಿ ಹೇಳಿತು. ಹೊಸ ಸೀಲು ಇದ್ದೂ ಯಾಕೆ ಬರುತ್ತಿದೆ ಎಂದು ಅಪ್ಪನ ಬೂದಿಗೂ ಗೊತ್ತಿರಲಿಲ್ಲ. ಮುನೀರ್ ಪೆಚ್ಚಾಗಿ ಅದನ್ನೂ ಕಿತ್ತು ಇನ್ನೊಂದು ಹಾಕಿದ.

"ಅಮ್ಮಾ, ನನ್ನ ಕೈ ಮೇಲೆ ನನಗೇ ಡೌಟ್ ಬರ್ತಿದೆ," ಎಂದ.

ಅದೂ ಸೋರಿತು.

ರಾಮು ಗುಜರಿಯವನನ್ನು ಕರೆಸಿದ. ಆ ಮನುಷ್ಯ ಎತ್ತು ಕೊಳ್ಳಲು ಬಂದವನ ಹಾಗೆ ಜೀಪಿನ ಸುತ್ತ ತಿರುಗಿ, ತಟ್ಟಿ, ಒದ್ದು, ಹಲ್ಲೊಂದು ನೋಡುವುದು ಬಾಕಿ ಎಂಬಂತೆ ನಿಂತ. "ಹಬ್ಬ ಕಳೀಲಿ, ಬಂದು ಎಳ್ಕಂಡೋಗ್ತೀನಿ," ಎಂದು ಹೇಳಿ ಹೋದ. ಸವಿತ ಹಿತ್ತಲಿಗೆ ಹೋಗಿ ಸಸಿಗೆ ನೀರು ಬಿಡುತ್ತಿದ್ದಳು. ನಾನು ಹೋಗಿ ನೋಡಿದಾಗ ಪೈಪನ್ನು ಒಂದೇ ಟ್ರೇಗೆ ಹಿಡಿದು ನಿಂತಿದ್ದಳು. ಮಣ್ಣೆಲ್ಲ ಕೊಚ್ಚಿ ಸಸಿಯ ಬೇರು ಕಾಣುತ್ತಿತ್ತು. ಪೈಪು ಕಿತ್ತುಕೊಂಡೆ.

"ಹಬ್ಬಕ್ಕೆ ಮುಂಚೆ ಒಂದು ಸುತ್ತು ಓಗ್ಬೇಕಲ್ಲ, ನಾಗಮಂಗಲಕ್ಕೆ. ನಾನೂ ಬತ್ತೀನಿ," ಎಂದೆ.

"ನೀವ್ಯಾಕತ್ತೆ? ಸೊಂಟ ನೋಯ್ತದೆ."

"ತಟ್ಟೆ ಇಡ್ಕಳಕೆ ಒಬ್ರು ಬ್ಯಾಡ್ವೇನಮ್ಮಿ?"

ಮುನೀರ್ ಒಂದು ಕ್ಯಾನಿನಲ್ಲಿ ಎಣ್ಣೆ ತುಂಬಿ ಕೊಟ್ಟು, ಕಡಿಮೆಯಾದರೆ ಹೇಗೆ ಹಾಕಬೇಕೆಂದು ಸವಿತಳಿಗೆ ತೋರಿಸಿದ. ಹೊರಟೆವು. ಪಾಂಡವಪುರ ನಮಗೆ ಪಕ್ಕದಲ್ಲೇ. ಅಲ್ಲಿ ಮೊದಲ ಟ್ರೇಗಳನ್ನು ಇಳಿಸುವಾಗ ತಟ್ಟೆ ತಳ್ಳಿದೆ. ಎಷ್ಟು ಹೊತ್ತು ಕಾದರೂ ಒಂದು ತೊಟ್ಟಿಲ್ಲ. ನನ್ನನ್ನು ನೋಡಿ ಹೆದರಿಕೊಂಡಿದೆ ಎಂದೆ. ಸವಿತ ನಗಲಿಲ್ಲ.

ಕೆ.ಆರ್. ಪೇಟೆಗೆ ದಾರಿ ಉದ್ದ, ಬಿಸಿಲೂ ಏರಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಜೀಪು ನಿಲ್ಲಿಸಿ ಸವಿತ ಗೊಬ್ಬರದ ಅಂಗಡಿಗೆ ಹೋದಳು. ನಾನು ತಟ್ಟೆ ತಳ್ಳುವುದರೊಳಗೆ ತೊಟ್ಟಿಕ್ಕಲು ಶುರುವಾಯಿತು, ಹಿಂಡಿದ ಹುಣಸೇಹಣ್ಣಿನ ರಸದ ಹಾಗೆ. ಚಕ್ರಕ್ಕೆ ಒರಗಿ, ತಟ್ಟೆಯನ್ನು ಅರ್ಧ ಹೊರಗೆ ಎಳೆದುಕೊಂಡು ನೋಡುತ್ತಾ ಕೂತೆ. ಸೀರೆಗೆ ಬೂದಿ ಬಣ್ಣ, ಮುಖಕ್ಕೆ ಬಿಸಿಲು, ಮುಂದೆ ಸೊಟ್ಟ ತಟ್ಟೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಪುಣ್ಯಾತ್ಮ ಠಣ್ ಎಂದು ನಾಣ್ಯ ಹಾಕಿದ.

"ಏ ನಿಲ್ಲಪ್ಪಾ! ನಂದಲ್ಲ ಇದು, ಜೀಪಿಂದು!"

"ಇರ್ಲಿ ಬುಡಜ್ಜಿ, ಇಬ್ರೂ ಟೀ ಕುಡ್ಕಳಿ," ಎಂದು ಹೋದ.

ಅಂಗಡಿಯಿಂದ ಬಂದ ಸವಿತ ಎಣ್ಣೆಯಲ್ಲಿ ಮುಳುಗಿದ್ದ ನಾಣ್ಯ ನೋಡಿ, ಎಷ್ಟೋ ದಿನಗಳ ಮೇಲೆ ಬಾಯ್ತುಂಬ ನಕ್ಕಳು. ನಕ್ಕು ಮುಗಿದ ಮೇಲೆ ತಟ್ಟೆಯನ್ನೇ ನೋಡುತ್ತಾ, "ಪಾಂಡವಪುರದಲ್ಲಿ ಒಂದು ತೊಟ್ಟೂ ಇಲ್ಲ. ಇಲ್ಲಿ ಇಷ್ಟೊಂದು," ಎಂದಳು.

"ದೂರ ಬಂದಷ್ಟೂ ಜಾಸ್ತಿ ಅನ್ನು."

"ಬಿಸಿ ಆದಷ್ಟೂ ಜಾಸ್ತಿ ಅತ್ತೆ. ಮುಟ್ಟಿ ನೋಡಿ."

ಮುಟ್ಟಿದೆ. ಹೌಸಿಂಗು ಒಲೆ ಮೇಲಿನ ಪಾತ್ರೆಯಂತೆ ಕಾದಿತ್ತು. ಬೆರಳು ಬಾಯಿಗಿಟ್ಟುಕೊಂಡು ಜೀಪು ಹತ್ತಿದೆ.

ನಾಗಮಂಗಲದ ಆಚೆ ಕಲ್ಲುದಾರಿಯಲ್ಲಿ ಒಂದು ಏರು ಹತ್ತಿದರೆ ಜಯಮ್ಮನ ಹೊಲ. ಜಯಮ್ಮ ಸವಿತಳ ಹಳೇ ಗಿರಾಕಿ, ನನ್ನ ತವರಿನ ಕಡೆಯವಳು. ಸವಿತ ಗಿಡ್ಡ ಗೇರು ಎಳೆದಳು. ಜೀಪು ನಾಲ್ಕೂ ಕಾಲಿನಲ್ಲಿ ನೆಲ ಕೆರೆಯುತ್ತಾ ಹತ್ತಿತು. ಹೊಲದ ಮನೆಯ ಮುಂದೆ ಟ್ರೇ ಇಳಿಸಿದೆವು. ಜಯಮ್ಮ ಸಸಿಯ ಕತ್ತು ಹಿಡಿದು ನೋಡಿ, "ಚೆನ್ನಾಗವೆ. ಮುಂದಿನ ಕೋಸೂ ನಿನ್ ತಾವೇ ತಕತೀನಿ ಕಣವ್ವ. ತಪ್ಪುಸ್ಬ್ಯಾಡ," ಎಂದಳು. ಸವಿತ ತಲೆ ತಗ್ಗಿಸಿ ಟ್ರೇ ಎಣಿಸತೊಡಗಿದಳು.

ಜಯಮ್ಮ ನಮ್ಮನ್ನು ಊಟಕ್ಕೆ ಕೂರಿಸಿದಳು. ಒಲೆಯ ಮೇಲೆ ಕುಕ್ಕರಿನಲ್ಲಿ ಬೇಳೆ. ಅದು ಕೂಗಬೇಕಾದ ಹೊತ್ತಿಗೆ ಕೂಗದೆ, ಮುಚ್ಚಳದ ಸುತ್ತ ರಬ್ಬರಿನ ಸಂದಿಯಲ್ಲಿ ಬುಸಬುಸ ನೀರು ಕಕ್ಕತೊಡಗಿತು. ಬೇಳೆಕಟ್ಟು ಹರಿದು ಒಲೆ ಚುರ್ರೆಂದಿತು.

"ರಬ್ಬರು ಓಗದೆ," ಎಂದೆ.

"ರಬ್ಬರು ಹೊಸ್ದು ಕಣಕ್ಕ. ಇದ್ರ ಮೂಗು ಕಟ್ಕಂಡದೆ," ಎಂದು ಜಯಮ್ಮ ಕುಕ್ಕರು ಇಳಿಸಿ, ನೀರು ಸುರಿದು ಆರಿಸಿ, ಸೀಟಿ ಕಿತ್ತು ಅದರ ಕೆಳಗಿನ ತೂತಿಗೆ ಕಡ್ಡಿ ಹಾಕಿದಳು. ಬೇಳೆಯ ಸಿಪ್ಪೆಯೊಂದು ಹೊರಗೆ ಬಂತು. ಮತ್ತೆ ಒಲೆಗಿಟ್ಟರೆ ಲಕ್ಷಣವಾಗಿ ಕೂಗಿತು. ರಬ್ಬರಿನ ಸಂದಿಯಲ್ಲಿ ಒಂದು ಹನಿಯಿಲ್ಲ.

ಸವಿತ ಕುಕ್ಕರನ್ನು ನೋಡಿದಳು. ಬಾಗಿಲಾಚೆ ನಿಂತ ಜೀಪನ್ನು ನೋಡಿದಳು.

"ಅತ್ತೆ, ನಮ್ ಜೀಪ್ಗೂ ಸೀಟಿ ಇರ್ತದಾ?"

"ಆರನ್ ಐತಲ್ಲ, ಸಾಲ್ದಾ?" ಎಂದೆ. ನನಗೆ ಅಷ್ಟೇ ಹೊಳೆದದ್ದು.

ಅವಳು ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಅಂಗಳಕ್ಕೆ ಹೋಗಿ ಮುನೀರನಿಗೆ ಫೋನು ಮಾಡಿದಳು. ಪಾಂಡವಪುರ, ಕೆ.ಆರ್. ಪೇಟೆ, ಕುಕ್ಕರು, ಬೇಳೆಸಿಪ್ಪೆ, ಎಲ್ಲ ಹೇಳಿದಳು. ಆ ಕಡೆಯಿಂದ ಮುನೀರನ ದನಿ ನನಗೇ ಕೇಳುವಷ್ಟು ಜೋರಾಗಿ ಬಂತು.

"ಅರೆ ಯಾ ಅಲ್ಲಾ! ಬ್ರೀದರು! ಸವಿತಕ್ಕಾ, ಎಲ್ಲೂ ನಿಲ್ಲಿಸ್ಬೇಡಿ, ಗಾಡಿ ಬಿಸಿ ಇದ್ದಂಗೇ ಸೀದಾ ಶೆಡ್ಡಿಗೆ ಬನ್ನಿ."

ಎಣ್ಣೆ ಹಾಕಿಕೊಂಡು ಸೀದಾ ಬಂದೆವು. ಮುನೀರ್ ಜೀಪಿನಡಿ ತೂರಿ ಹಿಂದಿನ ಅಚ್ಚಿನ ಮೇಲುಗಡೆ ಬೆರಳಾಡಿಸಿದ. ಅಲ್ಲೆಲ್ಲ ಮಣ್ಣೂ ಜಿಡ್ಡೂ ಸೇರಿ ಹೆಂಟೆ ಕಟ್ಟಿತ್ತು. ಡೀಸೆಲ್ ಹಚ್ಚಿ ಕೆರೆದ. ಕೆರೆಯುತ್ತಾ ಕೆರೆಯುತ್ತಾ, ಬೆರಳ ತುದಿಯಷ್ಟಿರುವ ಕಬ್ಬಿಣದ ಟೋಪಿಯೊಂದು ಕಾಣಿಸಿತು. ಅದರಲ್ಲಿ ಸಣ್ಣ ತೂತು ಇರಬೇಕಿತ್ತಂತೆ, ಕಾಣುತ್ತಿರಲಿಲ್ಲ.

"ಏನಾದ್ರೂ ಚೂಪಾಗಿರೋದು ಕೊಡಿ."

ಸವಿತ ಬಳೆಗೆ ಸಿಕ್ಕಿಸಿದ್ದ ಪಿನ್ನು ಬಿಚ್ಚಿ ಕೊಟ್ಟಳು. ಅವನು ಚುಚ್ಚಿ ತಿರುವಿದ. ಕಲ್ಲಿದ್ದಲಿನಂಥ ಚೂರು ಉದುರಿತು, ಹಿಂದೆಯೇ 'ಉಸ್ಸ್‌' ಎಂದು ಉದ್ದಕ್ಕೆ ಸದ್ದು ಬಂತು. ದೊಡ್ಡ ಹೊರೆ ಇಳಿಸಿದವರು ಬಿಡುವ ಉಸಿರಿನ ಹಾಗೆ.

"ಇದೇ ಅಮ್ಮಾ. ಓಡಿ ಬಿಸಿಯಾದ್ರೆ ಒಳಗಿನ ಗಾಳಿ ಉಬ್ಬುತ್ತೆ. ಈ ಮೂಗಲ್ಲಿ ಹೊರಗೆ ಬರ್ಬೇಕು. ಮೂಗು ಮುಚ್ಚಿದ್ರೆ ಎಣ್ಣೇನ ಸೀಲಿನ ಬಾಯಿಂದ ನೂಕುತ್ತೆ. ಎಷ್ಟು ಸೀಲು ಹಾಕಿದ್ರೂ ಅಷ್ಟೇ. ನನ್ನ ಕಣ್ಣಿಗೆ ಮೂಗೇ ಬೀಳ್ಲಿಲ್ಲ ನೋಡಿ, ಅಷ್ಟು ಮೆತ್ಕೊಂಡಿತ್ತು. ಏನಿದು, ಟಾರಾ?"

ಚೂರು ನನ್ನ ಕೈಗೆ ಕೊಟ್ಟ. ಉಗುರಲ್ಲಿ ಒಡೆದೆ, ಮೂಸಿದೆ. ಸುಟ್ಟ ಹುಲ್ಲಿನ ಕರಿ, ಹರಳೆಣ್ಣೆ.

ಆ ವಾಸನೆಯಲ್ಲೇ ನಾನು ಗಂಡನ ಮನೆಗೆ ಬಂದದ್ದು. ಮದುವೆಯಾಗಿ ನಮ್ಮೂರಿನಿಂದ ಹೊರಟ ಗಾಡಿಯನ್ನು ಹೊಡೆದವನು ಇದೇ ಕಾಳ, ಆಗಿನ್ನೂ ಮೀಸೆ ಬಂದಿರಲಿಲ್ಲ. ಅಣ್ಣನ ಮದುವೆ ಗಾಡಿ ಕಿರುಗುಟ್ಟಿದರೆ ಅವಮಾನವೆಂದು ಅಚ್ಚಿಗೆ ಎಷ್ಟು ಕೀಲೆಣ್ಣೆ ಬಳಿದಿದ್ದನೆಂದರೆ, ಇಳಿಯುವಾಗ ನನ್ನ ಧಾರೆ ಸೀರೆಯ ಅಂಚಿಗೆಲ್ಲ ಕರಿ. ನಮ್ಮತ್ತೆ ಹೊಸ ಸೊಸೆಯ ಮುಖ ನೋಡುವ ಮೊದಲು ಸೀರೆಯ ಕಲೆ ನೋಡಿದರು. ಆ ಕಲೆ ಹೋಗಲೇ ಇಲ್ಲ. ಸೀರೆ ಹರಿದು ಕೌದಿಯಾಯಿತು, ಕೌದಿಯಲ್ಲೂ ಇತ್ತು.

ಮುಂದಿನ ಹೌಸಿಂಗು ಯಾಕೆ ಸೋರಲಿಲ್ಲ ಎಂದು ಮುನೀರ್ ಕೇಳಿದ. "ಎತ್ತಿಗೆ ಯಾರಾದ್ರೂ ಕೀಲೆಣ್ಣೆ ಅಚ್ತಾರಾ?" ಎಂದೆ. ಸವಿತ ಶೆಡ್ಡಿನ ಕಂಬ ಹಿಡಿದುಕೊಂಡು ನಕ್ಕಳು. ಪಾಪ, ಮುನೀರನಿಗೆ ಆಮೇಲೆ ಬಿಡಿಸಿ ಹೇಳಬೇಕಾಯಿತು.

ಕಾಳನಿಗೆ ಹೇಗೆ ಹೇಳುವುದು ಎಂದು ಸವಿತ ದಾರಿಯುದ್ದಕ್ಕೂ ಯೋಚಿಸಿದಳು. "ಚಿಕ್ಕಮಾವ ನೊಂದ್ಕತಾರೆ ಅತ್ತೆ. ಮಣ್ಣು ಕಟ್ಕಂಡಿತ್ತು ಅನ್ನಣ." ನನಗೆ ಅಂಥದ್ದೆಲ್ಲ ಬರುವುದಿಲ್ಲ. ಅಂಗಳಕ್ಕೆ ಇಳಿದವಳೇ ಚೂರನ್ನು ಅವನ ಅಂಗೈಗೆ ಹಾಕಿದೆ.

"ಕಾಳ, ಮೂಸು."

ಮೂಸಿದ. "ನಂದೇ," ಎಂದ, ಹೆಮ್ಮೆಯಿಂದ.

"ಊಂ, ನಿಂದೇ. ಜೀಪಿನ ಮೂಗಿನೊಳ್ಗಿತ್ತು. ಅದುಕ್ಕೆ ಕಣ್ಲಾ ಸೋರ್ತಿದ್ದುದ್ದು."

ಅಷ್ಟು ಹೊತ್ತಿಗೆ ಬಂದಿದ್ದ ರಾಮು, "ಚಿಕ್ಕಪ್ಪಾ! ನಿನ್ನಿಂದ ಗಾಡಿ ಗುಜರಿಗೋಗ್ತಿತ್ತಲ್ಲ!" ಎಂದು ಕೂಗಿದ. ಕಾಳ ಚೂರನ್ನು ಇನ್ನೊಮ್ಮೆ ನೋಡಿ, ಜೇಬಿಗೆ ಹಾಕಿಕೊಂಡು, ಸವಿತ ತಂದ ಟೀ ಕುಡಿಯದೆ ಮನೆಗೆ ಹೋದ. ಸವಿತ ನನ್ನನ್ನು ದುರುಗುಟ್ಟಿ ನೋಡಿದಳು. ನೋಡಲಿ.

ಮಾರನೇ ಬೆಳಿಗ್ಗೆ ರಂಗೋಲಿ ಡಬ್ಬಿ ಹಿಡಿದು ಹೊರಗೆ ಬಂದರೆ, ಜೀಪಿನ ಕೆಳಗಿನಿಂದ ಎರಡು ಕಾಲು ಚಾಚಿಕೊಂಡಿವೆ.

"ಲೇ ಕಾಳ, ಇನ್ನೂ ಬುದ್ಧಿ ಬರ್ಲಿಲ್ವೇನ್ಲಾ?"

"ಎಣ್ಣೆ ತಂದಿಲ್ಲ ಕಣತ್ತಿಗೆ. ಮೂಗು ನೋಡ್ತಾವ್ನಿ." ಒಳಗಿನಿಂದಲೇ ಮಾತು. ಕೈಯಲ್ಲಿ ಒಂದು ಹುಲ್ಲುಕಡ್ಡಿ. "ಕರ ಉಟ್ದಾಗ ಮೂಗಿನ ಲೋಳೆ ತಗ್ದು ಕಡ್ಡೀಲಿ ಕೆಣಕ್ದಿದ್ರೆ ಉಳೀತದಾ? ಇದೂ ಅಂಗೇ ಅಂತ ಮೊದ್ಲೇ ಯಾರಾದ್ರೂ ಏಳಿದ್ರೆ ನಾನ್ಯಾಕೆ ಮುಚ್ತಿದ್ದೆ?"

ಕೊಟ್ಟಿಗೆಯಲ್ಲಿ ಅವನ ಕೈಯಿಂದ ಉಸಿರಾಡಿದ ಕರುಗಳು ಎಷ್ಟೋ. ನಾನು ಚುಕ್ಕಿ ಇಡಲು ಕೂತೆ.

ಹಬ್ಬಕ್ಕೆ ಇನ್ನು ಸ್ವಲ್ಪವೇ ದಿನ ಇತ್ತು. ಜಯಮ್ಮನ ಕೋಸಿನ ಸಸಿ ತುಂಬಿಕೊಂಡು ಸವಿತ ಒಬ್ಬಳೇ ಹೋದಳು. ನಾನು ಬರುತ್ತೇನೆಂದರೆ, "ಬ್ಯಾಡ, ನಿಮ್ಗೆ ಭಿಕ್ಷೆ ಆಕ್ತಾರೆ," ಎಂದಳು. ಇಡೀ ದಿನ ನಾನೂ ಕಾಳನೂ ಜಗುಲಿಯ ಮೇಲೆ ಕೂತು ಒಂದೂ ಕೆಲಸ ಮಾಡಲಿಲ್ಲ. ಅವನು ರಸ್ತೆಯ ಕಡೆ ಕಿವಿ ಕೊಟ್ಟು, "ಬಂತು," ಎನ್ನುತ್ತಿದ್ದ. ಬರುತ್ತಿದ್ದದ್ದು ಟ್ರಾಕ್ಟರು.

ಸಂಜೆ ಜೀಪು ಬಂದು ನಿಂತಿತು. ಹೌಸಿಂಗು ಕೆಂಡದಂತೆ ಕಾದಿತ್ತು. ತಟ್ಟೆ ತಳ್ಳಿದೆ. ಕೆಲಸ ಮುಗಿಸಿ ಬಂದ ರಾಮು ಬೈಕು ನಿಲ್ಲಿಸಿ, ಅಂಗಿಯನ್ನೂ ಬದಲಿಸದೆ ಬಂದು ಕೂತ. ನಾವು ನಾಲ್ಕು ಜನ ಕುಕ್ಕರುಗಾಲಿನಲ್ಲಿ, ಯಾರಾದರೂ ಬಡಿಸುತ್ತಾರೆ ಎಂಬಂತೆ, ಖಾಲಿ ತಟ್ಟೆಯ ಸುತ್ತ ಕೂತಿದ್ದೆವು. ಹೌಸಿಂಗಿನ ಬಿಸಿ ಇಳಿಯಿತು. ಪಕ್ಕದ ಬೀದಿಯ ದೀಪ ಹತ್ತಿತು. ತಟ್ಟೆಯಲ್ಲಿ ಏನೂ ಇಲ್ಲ.

ರಾಮು ಎದ್ದು ಆಚೆ ಹೋಗಿ ಫೋನು ಮಾಡಿದ. "ಬರ್ಬ್ಯಾಡ ಕಣಣ್ಣ, ಕೊಡಲ್ಲ... ಇಲ್ಲ, ಕೊಡಲ್ಲ ಬುಡು... ಎಫ್‌ಸಿಗೆ ಒಯ್ತಾವ್ಳೆ ನಮ್ಮನೆಯೋಳು." ಸವಿತ ನೆಲ ನೋಡುತ್ತಾ ಸೆರಗಿನಲ್ಲಿ ಮುಖ ಒರೆಸಿಕೊಂಡಳು, ಧೂಳಿತ್ತೆಂದು ಕಾಣುತ್ತದೆ.

ಕಾಳ ಹುಲ್ಲುಕಡ್ಡಿ ಹಿಡಿದು ಜೀಪಿನ ಮುಂದಕ್ಕೆ ಹೋಗಿ ಬಗ್ಗಿದ.

"ಅತ್ತಿಗೆ, ಮುಂದ್ಗಡೆದಕ್ಕೂ ಮೂಗೈತಾ?"

"ಐತಂತೆ. ಮುನೀರ್ ಏಳ್ದ."

"ಮತ್ತೆ! ಎತ್ತಿಗೆ ಮೂಗಿಲ್ದೆ ಇರ್ತದಾ?" ಎಂದು ಮುಂದಿನ ಚಕ್ರದ ಕೆಳಗೆ ತೂರಿದ.

ರಾಮು ವಾಪಸು ಬಂದು ತಟ್ಟೆಯನ್ನು ಹೊರಗೆ ಎಳೆದ. ಮೇಲೆ ಕೆಳಗೆ ತಿರುಗಿಸಿ ನೋಡಿ, ಬೆರಳಲ್ಲಿ ಒರೆಸಿ ನೋಡಿ, ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತ. ಅವನ ಕೈಗಳು ಅಂಚು ಬಾಗಿದ ಎರಡು ಜಾಗಕ್ಕೆ ತಾವಾಗಿಯೇ ಹೋಗಿ ಕೂತಿದ್ದವು. ಅವನಿಗೆ ಗೊತ್ತಿರಲಿಲ್ಲ. ತಟ್ಟೆ ಸ್ವಲ್ಪ ಬಲಕ್ಕೆ ತಿರುಗಿತು.

"ಮಡಗ್ಲಾ ಅದ್ನ ಅಲ್ಲೇ," ಎಂದೆ. "ಬೆಳಿಗ್ಗೆನೂ ನೋಡ್ಬೇಕು."